ಹೋಯ್ಟ್ ಟೀಸ್ಲಿಯ ಹಿಗ್ಗದ ಹಿತ್ತಾಳೆ

ಹೋಯ್ಟ್ ಟೀಸ್ಲಿಯ ಮನೆಗೆ ಹೋದವರು ಮೊದಲು ಗೋಡೆಯನ್ನು ಹೊಗಳಬೇಕು, ಕಾಫಿ ಆಮೇಲೆ. ಹೊಗಳಿಕೆ ಸಪ್ಪೆಯಾದರೆ ಕಾಫಿಯೂ ಸಪ್ಪೆಯಾಗುತ್ತದೆ ಎನ್ನುವುದು ಉತ್ತರ ಜಾರ್ಜಿಯಾದ ನಮ್ಮ ಗುಡ್ಡಗಾಡಿನಲ್ಲಿ ಎಲ್ಲರಿಗೂ ಗೊತ್ತು. ಟೀವಿಯ ಮೇಲ್ಗಡೆ, ಯೇಸುವಿನ ಪಟಕ್ಕಿಂತ ಒಂದು ಗೇಣು ಎತ್ತರದಲ್ಲಿ, ಹಿತ್ತಾಳೆ ಮೈಯ ರಿವಾಲ್ವರುಗಳು ಸಾಲಾಗಿ ತೂಗುತ್ತವೆ. ಎಲ್ಲವೂ ಒಂದೇ ಅಚ್ಚು, ಒಂದೇ ಉದ್ದ. ಹೊಸಬರು ಯಾರಾದರೂ "ಎಲ್ಲಾ ಒಂದೇ ಥರ ಇದಾವಲ್ಲ" ಎಂದುಬಿಟ್ಟರೆ ಹೋಯ್ಟ್ ಅವರನ್ನು ಕರುಣೆಯಿಂದ ನೋಡುತ್ತಾನೆ.

"ನಿಮ್ಮ ಕಣ್ಣಿಗೆ ಹಾಗೆ ಕಾಣತ್ತೆ. ಇವು ಒಂದು ಸಲಾನೂ ಹಾರಿಸದೇ ಇರೋವು, ಬರೀ ಸಂಗ್ರಹಕ್ಕೆ. ಮುಟ್ಟಬೇಡಿ, ಬೆರಳಿನ ಬೆವರು ಹಿತ್ತಾಳೆಗೆ ಆಗಲ್ಲ."

ಹಾರಿಸಲೆಂದೇ ಅವನ ಸೊಂಟದಲ್ಲಿ ಇನ್ನೊಂದು ಇರುತ್ತದೆ. ಅದರ ಮರದ ಹಿಡಿಕೆ ಕೈಯೆಣ್ಣೆ ಕುಡಿದು ಕಪ್ಪಾಗಿದೆ, ಅದರ ಮೇಲೆ ಅವನ ಹೆಸರಿನ ಎರಡು ಅಕ್ಷರಗಳನ್ನು ಚಾಕುವಿನಿಂದ ಕೆತ್ತಲಾಗಿದೆ. ಕಾರ್ಪೆಟ್ ಮಿಲ್ಲಿಗೆ ಮೆಕ್ಯಾನಿಕ್ ಆಗಿ ಸೇರಿದ ವರ್ಷ ಕೊಂಡದ್ದೆಂದೂ, ಅಂದಿನಿಂದ ಒಂದು ಶನಿವಾರವನ್ನೂ ಬಿಡದೆ ಹಾರಿಸಿದ್ದೇನೆಂದೂ, ಆದರೂ ಅದು ಕೂದಲೆಳೆಯಷ್ಟೂ ಸಡಿಲವಾಗಿಲ್ಲವೆಂದೂ ಅವನು ಹೇಳುತ್ತಿದ್ದ. ಮಿಲ್ಲಿನಿಂದ ನಿವೃತ್ತನಾದ ಮೇಲೆ ಹೇಳುವುದಕ್ಕೆ ಇನ್ನಷ್ಟು ಸಮಯ ಸಿಕ್ಕಿತು.

ಹಿತ್ತಾಳೆಯ ಈ ಹುಚ್ಚಿಗೆ ನಮ್ಮ ಕಡೆ ಒಂದು ಹಳೆಯ ಕಾರಣವಿದೆ. ಮುತ್ತಾತಂದಿರ ಕಾಲದಲ್ಲಿ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧದಲ್ಲಿ ನಮ್ಮ ದಕ್ಷಿಣದವರ ಹತ್ತಿರ ಸಾಕಷ್ಟು ಉಕ್ಕು ಇರಲಿಲ್ಲ. ಸಿಕ್ಕಿದ ಹಿತ್ತಾಳೆಯನ್ನೆಲ್ಲ ಕರಗಿಸಿ ರಿವಾಲ್ವರಿನ ಮೈ ಎರಕ ಹೊಯ್ದರು. ಇಲ್ಲದವರ ಆ ಉಪಾಯವನ್ನೇ ಈಗ ಇಟಲಿಯವರು ನಕಲು ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಕರಿಮದ್ದು, ಸೀಸದ ಗುಂಡು, ಕಿಡಿ ಹೊತ್ತಿಸುವ ಕೇಪು ಎಲ್ಲವನ್ನೂ ಬಿಡಿಬಿಡಿಯಾಗಿ ತುಂಬಿ ಹಾರಿಸುವ ಹಳೇ ಮಾದರಿಯಾದ್ದರಿಂದ ಯಾರ ಪರವಾನಗಿಯೂ ಬೇಡ, ಕಾಫಿ ಕಾಸುವ ಯಂತ್ರ ಬಂದಷ್ಟು ಸಲೀಸಾಗಿ ಮನೆ ಬಾಗಿಲಿಗೆ ಬರುತ್ತದೆ. ಹೋಯ್ಟನ ಕಣ್ಣಿಗೆ ಮಾತ್ರ ಅದು ಇಟಲಿಯ ನಕಲಲ್ಲ, ಮುತ್ತಾತನ ಪೌರುಷ. ಆ ಮುತ್ತಾತ ಮೊದಲ ಸುಗ್ಗಿಗೇ ಸೈನ್ಯ ಬಿಟ್ಟು ಮನೆಗೆ ಓಡಿಬಂದು ಜೋಳ ಕೊಯ್ದವನು, ಮತ್ತೆ ಹಿಂದಿರುಗಿ ಹೋದವನಲ್ಲ. ಅಂದಿನ ಎರಕದ ಮನೆಗಳಲ್ಲಿ ಹಿತ್ತಾಳೆ ಹೊಯ್ದ ಕೈಗಳು ಬಹುಪಾಲು ಗುಲಾಮರವು ಎಂದು ಯಾರೋ ಒಮ್ಮೆ ಹೇಳಿದರು. ಹೋಯ್ಟ್ "ಕೆಲಸ ಬಹಳ ಅಚ್ಚುಕಟ್ಟು" ಎಂದಷ್ಟೇ ಹೇಳಿ ಹವಾಮಾನದ ಮಾತೆತ್ತಿದ.

ಮುತ್ತಾತನ ಓಟವನ್ನು ಹುಡುಕಿ ತೆಗೆದವನು ಕ್ಲೋವಿಸ್ ಪ್ರೂಯಿಟ್. ಅದೇ ಮಿಲ್ಲಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಅವನು ಉಕ್ಕಿನ ಮೈಯ ರಿವಾಲ್ವರ್ ಒಂದನ್ನೇ ಇಟ್ಟುಕೊಂಡು ಅದನ್ನೇ ಹಾರಿಸುತ್ತಿದ್ದ. ಶನಿವಾರ ಬೆಳಿಗ್ಗೆ ಚರ್ಚಿನ ಹಿಂದಿನ ಹಾಳು ಕಲ್ಲುಗಣಿಯಲ್ಲಿ ನಾವೆಲ್ಲ ಸೇರಿದಾಗ ಇವರಿಬ್ಬರ ಜಗಳ ಮೊದಲು, ಗುಂಡು ಆಮೇಲೆ.

"ಹಿತ್ತಾಳೆ ಬಾಗಿಲ ಹಿಡಿಗೆ ಸರಿ ಕಣೋ" ಎನ್ನುತ್ತಿದ್ದ ಕ್ಲೋವಿಸ್. "ಅಷ್ಟು ಮದ್ದು ತುಂಬಿ ಹಾರಿಸಿದ್ರೆ ಮೆತ್ತಗಿನ ಲೋಹ ಹಿಗ್ಗತ್ತೆ. ಕಮ್ಮಿ ತುಂಬು, ಬಾಳತ್ತೆ."

"ಕಮ್ಮಿ ತುಂಬೋದು ಉಕ್ಕಿನೋರ ಹೆದರಿಕೆ."

"ನಿಮ್ಮ ಮುತ್ತಾತನಿಗೆ ಇದ್ದಷ್ಟು ಹೆದರಿಕೆ ನಮಗಿಲ್ಲಪ್ಪ."

ಜಗಳ ತೀರಿಸಲು ಕ್ಲೋವಿಸ್‌ಗೆ ಒಂದು ಪರೀಕ್ಷೆಯಿತ್ತು. ಈ ಮಾದರಿಯಲ್ಲಿ ಆರು ಗುಂಡುಗಳ ಉರುಳೆ ಒಂದು ಕಡೆ, ನಳಿಗೆ ಇನ್ನೊಂದು ಕಡೆ, ನಡುವೆ ಹಾಳೆಯಷ್ಟು ಸಂದು. ಮೈ ಹಿಗ್ಗಿದರೆ ಸಂದು ಅಗಲವಾಗುತ್ತದೆ. ಭಾನುವಾರದ ಚರ್ಚಿನಲ್ಲಿ ಹಂಚುವ ಪ್ರಾರ್ಥನೆಯ ಹಾಳೆಯನ್ನು ಕ್ಲೋವಿಸ್ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಒಂಟಿ ಹಾಳೆ ಸಂದಿನೊಳಗೆ ಹೋದರೆ ಕ್ಷೇಮ, ಮಡಚಿದ್ದೂ ಹೋದರೆ ಆ ರಿವಾಲ್ವರಿನ ಕಥೆ ಮುಗಿದ ಹಾಗೆ. ವರ್ಷವರ್ಷವೂ ಅವನು ಮಡಚಿದ ಹಾಳೆಯನ್ನು ಹೋಯ್ಟನ ಕರಿಹಿಡಿಕೆಯ ರಿವಾಲ್ವರಿಗೆ ತುರುಕಲು ನೋಡಿದ. ವಸಂತದಲ್ಲಿ ಹಾಳೆ ಒಳಗೆ ಹೋಗುತ್ತಿರಲಿಲ್ಲ, ಶರತ್ಕಾಲದ ಹೊತ್ತಿಗೆ ಅದರ ಅಂಚು ಸ್ವಲ್ಪ ಸಿಕ್ಕಿಕೊಳ್ಳುತ್ತಿತ್ತು, ಮುಂದಿನ ವಸಂತಕ್ಕೆ ಮತ್ತೆ ಹೋಗುತ್ತಿರಲಿಲ್ಲ.

"ಚಳಿಗೆ ಕುಗ್ಗತ್ತೆ" ಎಂದು ಹೋಯ್ಟ್ ಹೇಳಿದ್ದ. ಕ್ಲೋವಿಸ್ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಬಹಳ ಹೊತ್ತು ಅವನ ಮುಖವನ್ನೇ ನೋಡಿದ್ದ.

ಚಳಿಗಾಲದಲ್ಲಿ ಏನಾಗುತ್ತಿತ್ತು ಎಂದು ನಮಗೆ ಗೊತ್ತಾದದ್ದು ಆಮೇಲೆ, ಆದರೂ ಈಗಲೇ ಹೇಳಿಬಿಡುತ್ತೇನೆ. ಗಣಿಯ ಶನಿವಾರಗಳಿಗೆ ಚಳಿಯ ರಜೆ ಬಿದ್ದ ಮೇಲೆ ಹೋಯ್ಟ್ ಅದೇ ಅಚ್ಚಿನ ಹೊಸ ರಿವಾಲ್ವರ್ ತರಿಸುತ್ತಿದ್ದ. ಹಳೆಯದರ ಕಪ್ಪು ಹಿಡಿಕೆ ಬಿಚ್ಚಿ ಹೊಸದಕ್ಕೆ, ಹೊಸದರ ಹೊಳೆಯುವ ಹಿಡಿಕೆ ಹಳೆಯದಕ್ಕೆ. ಹಳೆಯದನ್ನು ಅಡುಗೆಮನೆಯ ಸಿಂಕಿನಲ್ಲಿ ಸೋಪು ಹಾಕಿ ತೊಳೆದು, ತಿಕ್ಕಿ ಬೆಳಗಿಸಿ, "ಒಂದು ಸಲಾನೂ ಹಾರಿಸದ್ದು" ಎಂದು ಗೋಡೆಗೇರಿಸುತ್ತಿದ್ದ. ಹೊಸದು ಹೊಸದಾಗಿ ಕಾಣಬಾರದಲ್ಲ, ಅದಕ್ಕೆ ಹೆಂಡತಿ ವೈನೆಲ್ ಬೇಯಿಸಿಟ್ಟ ಬಿಸಿ ಮೊಟ್ಟೆಗಳನ್ನು ಕಿವುಚಿ, ಹಿತ್ತಾಳೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಡುತ್ತಿದ್ದ. ಮೊಟ್ಟೆಯ ಹಬೆಗೆ ಹಿತ್ತಾಳೆ ಕಂದಿ ಮುದಿಯಾಗುತ್ತದೆ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಗಿಡ್ಡ ಮೊಳೆಯನ್ನು ಕಿತ್ತು ಉದ್ದದ್ದು ಕೂರಿಸಿ, ಗುಂಡು ಹಳೆಯದರ ಹಾಗೆಯೇ ನೆಟ್ಟಗೆ ಬೀಳುವವರೆಗೆ ಅರದಿಂದ ಉಜ್ಜಿ ಹದ ಮಾಡಲು ಉಳಿದ ಚಳಿಗಾಲವೆಲ್ಲ ಬೇಕಾಗುತ್ತಿತ್ತು. ಒಟ್ಟಿನಲ್ಲಿ ಅವನ ಗೋಡೆಯ ಮೇಲಿದ್ದ ಮುಟ್ಟದ ಕನ್ಯೆಯರೆಲ್ಲ ಹಾರಿ ಹಾರಿ ಹಣ್ಣಾದವರು, ಸೊಂಟದಲ್ಲಿದ್ದ ಮುದುಕಿ ಹೋದ ತಿಂಗಳು ಪೆಟ್ಟಿಗೆಯಿಂದ ಇಳಿದವಳು. ಸುಳ್ಳು ಹೇಳುವುದಕ್ಕೆ ಇಷ್ಟು ದುಡಿದವನನ್ನು ನಾನು ಕಂಡಿಲ್ಲ. ಮಿಲ್ಲಿನಲ್ಲಿ ಅದರ ಅರ್ಧ ದುಡಿದಿದ್ದರೆ ಮೇಸ್ತ್ರಿಯಾಗಿ ನಿವೃತ್ತನಾಗುತ್ತಿದ್ದ.

ಒಂದು ವರ್ಷ ಫೆಬ್ರವರಿಯಲ್ಲಿ ಕ್ಲೋವಿಸ್‌ನ ಶ್ವಾಸಕೋಶ ಕೈಕೊಟ್ಟಿತು. ಮನೆಯ ಜಗಲಿಯಲ್ಲಿ ಒರಗುಕುರ್ಚಿ, ಮೂಗಿಗೆ ಆಮ್ಲಜನಕದ ಕೊಳವೆ. ಒಂದು ಮಧ್ಯಾಹ್ನ ಅವನು ನಮ್ಮನ್ನೆಲ್ಲ ಕರೆಸಿದ. ಹೆಂಡತಿ ಅರ್ಲೀನ್ ಬೇಯಿಸಿದ ಕಡಲೆಕಾಯಿ ತಂದಿಟ್ಟು ಪಕ್ಕದಲ್ಲಿ ಕುಳಿತಳು.

"ಹೋಯ್ಟ್, ಹತ್ತಿರ ಬಾರೋ. ನಾನು ಸತ್ತ ಮೇಲೆ ಸುಡಿಸ್ಕೋತಾ ಇದೀನಿ."

"ನಮ್ಮ ಚರ್ಚಿನೋರು ಸುಡಿಸ್ಕೊಳ್ಳಲ್ಲ ಕಣೋ. ಪಾದ್ರಿ ಏನಂತಾರೆ?"

"ಪಾದ್ರಿಗೆ ಅಂತ ಒಂದು ಚಮಚ ಬೂದಿ ಸಮಾಧಿ ಕಲ್ಲಿನ ಕೆಳಗೆ ಹಾಕಿಸ್ತೀನಿ, ಅದಕ್ಕೆ ಪ್ರಾರ್ಥನೆ ಮಾಡ್ಕೊಳ್ಳಲಿ. ಉಳಿದದ್ದೆಲ್ಲ ನಿನಗೆ."

"ನನಗಾ?"

"ಮದ್ದಿನ ಮೇಲೆ ಜೋಳದ ರವೆ ತುಂಬ್ತೀಯಲ್ಲ, ಅದರ ಬದಲು ನನ್ನ ತುಂಬು. ಮದ್ದು, ಆಮೇಲೆ ನಾನು, ಆಮೇಲೆ ಗುಂಡು."

ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿಯದಿರಲೆಂದು ನಾವೆಲ್ಲ ಒಂದು ಚಿಟಿಕೆ ರವೆ ಹಾಕುವವರೇ. ಸತ್ತವರ ಬೂದಿಯನ್ನು ಹಾಗೆ ತುಂಬಿ ಬೀಳ್ಕೊಟ್ಟದ್ದನ್ನು ಬೇರೆ ಊರಿನವರಿಂದ ಕೇಳಿದ್ದೆವು. ಆದರೆ ಒಂದು ಚಿಟಿಕೆ, ಒಂದು ಸುತ್ತು, ಅಷ್ಟೇ. ಪೂರ್ತಿ ಮನುಷ್ಯನನ್ನು ಯಾರೂ ಹಾರಿಸಿರಲಿಲ್ಲ.

ಹೋಯ್ಟನ ಕಣ್ಣು ಒದ್ದೆಯಾಯಿತು. "ಗೌರವ ಕಣೋ, ಕ್ಲೋವಿಸ್. ದೊಡ್ಡ ಗೌರವ."

"ಪೂರ್ತಿ ಕೇಳು. ನಾನು ಮುಗಿಯೋವರೆಗೂ ಒಂದೇ ರಿವಾಲ್ವರ್. ಆ ಕರೀ ಹಿಡಿಕೆದು. ಮುಗಿದ ದಿನ ಅರ್ಲೀನ್ ಹಾಳೆ ಮಡಚಿ ನೋಡ್ತಾಳೆ. ಒಳಗೆ ಹೋಗದಿದ್ರೆ ನೀನು ಗೆದ್ದೆ. 'ಹಿತ್ತಾಳೆ ವಿಷಯದಲ್ಲಿ ಹೋಯ್ಟ್ ಹೇಳಿದ್ದೇ ಸರಿ' ಅಂತ ನನ್ನ ಸಮಾಧಿ ಕಲ್ಲಿನ ಮೇಲೆ ಕೆತ್ತಿಸ್ಕೋ. ಹೋದ್ರೆ, ಇವರೆಲ್ಲರ ಮುಂದೆ ನಿಂತು ಎರಡು ಪದ ಹೇಳ್ಬೇಕು. ಹಿತ್ತಾಳೆ ಹಿಗ್ಗತ್ತೆ."

ಇಷ್ಟು ಹೇಳಿ ಅವನು ಕೆಮ್ಮಿದ, ನಕ್ಕ, ಮತ್ತೆ ಕೆಮ್ಮಿದ. ಹೋಯ್ಟನ ಮುಖದಿಂದ ಕಣ್ಣೀರು ಮಾಯವಾಗಿ ಬೇರೇನೋ ಬಂತು. ಕಲ್ಲಿನ ಮೇಲೆ ಕೆತ್ತಿದ ಗೆಲುವು! ಜೀವಮಾನವೆಲ್ಲ ಯಾರೊಬ್ಬರೂ, ಸ್ವಂತ ಹೆಂಡತಿಯೂ, ಅವನನ್ನು ಸರಿ ಎಂದವರಲ್ಲ. ಇಲ್ಲಿ ಗ್ರಾನೈಟ್ ಕಲ್ಲೇ ಸರಿ ಎನ್ನುತ್ತದೆ, ಅದೂ ಕ್ಲೋವಿಸ್‌ನ ಬಾಯಲ್ಲಿ, ಶಾಶ್ವತವಾಗಿ.

"ಒಪ್ಪಿದೆ" ಎಂದ.

"ನಾನು ಒಪ್ಪಲಿಲ್ಲ" ಎಂದಳು ಅರ್ಲೀನ್. "ಆ ಕಲ್ಲಿನ ಇನ್ನೊಂದರ್ಧ ನಂದು. ನನ್ನ ಹೆಸರಿನ ಪಕ್ಕ ಈ ಹುಚ್ಚರ ಜಗಳ ಕೆತ್ತಿಸ್ಕೊಂಡು ಮಲಗ್ಬೇಕಾ ನಾನು?"

"ಹಾಗಾದ್ರೆ ಅವನು ಮೋಸ ಮಾಡದ ಹಾಗೆ ನೋಡ್ಕೋ, ಚಿನ್ನ" ಎಂದ ಕ್ಲೋವಿಸ್.

ಎರಡು ವಾರಕ್ಕೆ ಅವನು ಹೋದ. ವಸಂತದಲ್ಲಿ ಡಾಗ್‌ವುಡ್ ಮರಗಳು ಹೂ ಬಿಡುವ ಹೊತ್ತಿಗೆ ಅರ್ಲೀನ್ ಕಾಫಿಯ ದೊಡ್ಡ ತಗಡಿನ ಡಬ್ಬಿಯಲ್ಲಿ ಗಂಡನನ್ನು ತಂದು ಗಣಿಯ ಮೇಜಿನ ಮೇಲಿಟ್ಟಳು. ಮಡಚುವ ಕುರ್ಚಿ ಹಾಕಿ, ಹೆಣಿಗೆ ತೆಗೆದು, ತೊಡೆಯ ಮೇಲೆ ಚರ್ಚಿನ ಹಾಳೆ ಇಟ್ಟುಕೊಂಡಳು. ಪಕ್ಕದಲ್ಲಿ ವೈನೆಲ್ ಕುಳಿತಳು.

ಹೋಯ್ಟ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ ಬೆಚ್ಚಿದ. ಬೂದಿ ಎಂದರೆ ಒಲೆಯ ಬೂದಿಯಂತೆ ಹಗುರವಾಗಿ, ಒಂದು ಹಿಡಿಯಷ್ಟು ಇರುತ್ತದೆಂದು ಅವನು ತಿಳಿದಿದ್ದ. ಅಲ್ಲಿ ಹಿಟ್ಟಿನ ಚೀಲ ಸುರಿದಷ್ಟಿತ್ತು, ಅದೂ ಮರಳಿನ ಹಾಗೆ ಗರಗರ.

"ಇಷ್ಟೊಂದಾ?" ಎಂದ.

"ದಪ್ಪ ಮನುಷ್ಯ" ಎಂದಳು ಅರ್ಲೀನ್. "ದಿನಾ ಬೆಳಿಗ್ಗೆ ಬೆಣ್ಣೆ ಬಿಸ್ಕಿಟ್ಟು, ಕೊಬ್ಬಿನ ಗ್ರೇವಿ ಬಿಡ್ತಿರಲಿಲ್ಲ. ಶುರು ಮಾಡು."

ಮೊದಲ ಶನಿವಾರ ಹೋಯ್ಟ್ ಬುದ್ಧಿ ಉಪಯೋಗಿಸಿದ. ತನ್ನ ಜನ್ಮದಲ್ಲೇ ಮೊದಲ ಬಾರಿಗೆ ಮದ್ದು ಕಡಿಮೆ ಹಾಕಿ, ಕ್ಲೋವಿಸ್‌ನನ್ನು ಜಾಸ್ತಿ ತುಂಬಿದ. ಮದ್ದು ಕಡಿಮೆಯಾದರೆ ಹಿತ್ತಾಳೆಗೆ ಪೆಟ್ಟು ಕಡಿಮೆ, ಡಬ್ಬಿ ಬೇಗ ಖಾಲಿ. ನಳಿಗೆಯ ಅಡಿಯ ಸನ್ನೆಕೋಲು ಒತ್ತಿ ಗುಂಡು ಕೂರಿಸಿ, ಮೇಲೆ ಕೊಬ್ಬು ಸವರಿ, ಕೇಪು ಹಾಕಿ, ಗುರಿಯಿಟ್ಟು ಕುದುರೆ ಎಳೆದ. ಪುಸ್ ಎಂದಿತು. ಗುಂಡು ಆಚೆ ಗುರಿಗೆಂದು ನೇತುಹಾಕಿದ ಉಕ್ಕಿನ ತಟ್ಟೆಗೆ ತಾಗಿಯೂ ತಾಗದಂತೆ ಬಿತ್ತು.

"ಕ್ಲೋವಿಸ್ ಬದುಕಿದ್ದಾಗ ಇದಕ್ಕಿಂತ ಜೋರಾಗಿ ಕೆಮ್ತಿದ್ದ" ಎಂದಳು ಅರ್ಲೀನ್, ಹೆಣಿಗೆಯಿಂದ ತಲೆಯೆತ್ತದೆ.

ನಾವೆಲ್ಲ ನಕ್ಕೆವು. ನಗದೆ ಇರುವುದು ಕಷ್ಟವಿತ್ತು. ಗಣಿಯ ಆ ತುದಿಯಿಂದ ಯಾರೋ ಕೂಗಿದರು: "ಹೋಯ್ಟ್, ಕಮ್ಮಿ ತುಂಬೋದು ಯಾರ ಹೆದರಿಕೆ ಅಂದಿದ್ದೆ?"

ಅವನ ಕಿವಿ ಕೆಂಪಾಯಿತು. ಮುಂದಿನ ಸುತ್ತಿಗೆ ಮದ್ದನ್ನು ಬಾಯಿತುಂಬ ಹಾಕಿದ. ಗಣಿ ನಡುಗಿತು, ಬಿಳಿ ಹೊಗೆ ಎದ್ದಿತು, ತಟ್ಟೆ ಗಂಟೆಯ ಹಾಗೆ ಮೊಳಗಿತು. ಜನ ಸೈ ಎಂದರು. ಸೈ ಎಂದಷ್ಟೂ ಹೋಯ್ಟ್ ತುಂಬಿದ. ಕ್ಲೋವಿಸ್‌ಗೆ ಈ ಮನುಷ್ಯ ಹೀಗೆಯೇ ಮಾಡುತ್ತಾನೆಂದು ಜಗಲಿಯಲ್ಲಿ ಕುಳಿತಾಗಲೇ ಗೊತ್ತಿತ್ತೋ ಏನೋ.

ಏಪ್ರಿಲ್ ಕಳೆದು ಮೇ ಕಳೆಯಿತು. ಪ್ರತಿ ಶನಿವಾರ ಕೊನೆಗೆ ಅರ್ಲೀನ್ ಎದ್ದು ಬಂದು ಹಾಳೆ ಮಡಚಿ ಸಂದಿಗೆ ಹಿಡಿಯುತ್ತಿದ್ದಳು. ಜೂನ್ ಕೊನೆಯ ವಾರ ಹಾಳೆಯ ಮೂಲೆ ಒಳಗೆ ಸಿಕ್ಕಿ ನಿಂತಿತು. ಅವಳು ಕೈಬಿಟ್ಟರೂ ಹಾಳೆ ಬೀಳಲಿಲ್ಲ.

"ಹಂ" ಎಂದಳು ಅರ್ಲೀನ್. ಡಬ್ಬಿ ಅಲ್ಲಾಡಿಸಿ ನೋಡಿದಳು. "ಇನ್ನೂ ಅರ್ಧಕ್ಕಿಂತ ಜಾಸ್ತಿ ಇದಾನೆ."

ಹೋಯ್ಟ್ ಆ ವಾರ ನಿದ್ದೆ ಮಾಡಲಿಲ್ಲವೆಂದು ವೈನೆಲ್ ಆಮೇಲೆ ಹೇಳಿದಳು. ಹೊಸ ರಿವಾಲ್ವರನ್ನು ತುರ್ತಾಗಿ ತರಿಸಿದ. ಹಿಡಿಕೆ ಬದಲಾಯಿಸಿದ. ಅಡುಗೆಮನೆಯ ಫ್ರಿಜ್ ತೆರೆದಾಗ ಕಂಡದ್ದು ಎರಡು ಡಜನ್ ಬೇಯಿಸಿದ ಮೊಟ್ಟೆ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಾಚರಣೆಯ ಚರ್ಚಿನ ಊಟಕ್ಕೆಂದು ವೈನೆಲ್ ಮಾಡಿಟ್ಟದ್ದು. ಹೊಟ್ಟೆ ಸೀಳಿ, ಹಳದಿ ತೆಗೆದು, ಸಾಸಿವೆ ಕಲಸಿ ತುಂಬುವ ಅವಳ ಮೊಟ್ಟೆಗೆ ಆ ಊಟದಲ್ಲಿ ಒಂದು ಹೆಸರಿತ್ತು. ಹೋಯ್ಟ್ ಎಲ್ಲವನ್ನೂ ಬಿಸಿನೀರಿಗೆ ಹಾಕಿ ಮತ್ತೆ ಕಾಯಿಸಿ, ಕಿವುಚಿ, ಚೀಲಕ್ಕೆ ಸುರಿದ. ವೈನೆಲ್ ಊಟಕ್ಕೆ ಅಂಗಡಿಯ ಆಲೂಗಡ್ಡೆ ಸಾಲಡ್ ಒಯ್ದಳು. ಪಾದ್ರಿಯ ಹೆಂಡತಿ ಆ ಡಬ್ಬದ ಮೇಲಿನ ಬೆಲೆಚೀಟಿಯನ್ನು ಓದಿ, "ನಿಮಗೆ ಹುಷಾರಿಲ್ವಾ ಮಿಸ್ ವೈನೆಲ್?" ಎಂದು, ಮದುವೆಯಾದವರಿಗೂ ಗೌರವಕ್ಕೆ ಸೇರಿಸುವ ಆ ಮಿಸ್ ಸಮೇತ ಕೇಳಿದರು. ನಮ್ಮ ಕಡೆ ಒಬ್ಬ ಹೆಂಗಸಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮುಂದಿನ ಶನಿವಾರ ಹೋಯ್ಟ್ ಗಣಿಗೆ ಬಂದಾಗ ಸಿಳ್ಳೆ ಹಾಕುತ್ತಿದ್ದ.

"ಮಿಸ್ ಅರ್ಲೀನ್, ಶುರು ಮಾಡೋ ಮೊದಲೇ ಹಾಳೆ ಹಿಡಿದು ನೋಡ್ಬಿಡಿ."

ಅವಳು ನೋಡಿದಳು. ಮಡಚಿದ ಹಾಳೆ ಹೋಗಲಿಲ್ಲ. ಮತ್ತೆ ನೋಡಿದಳು.

"ಹೋದ ವಾರ ಸಿಕ್ಕಿತ್ತಲ್ಲ?"

"ಮಸಿ ತುಂಬಿತ್ತು. ತೊಳೆದೆ" ಎಂದ ಹೋಯ್ಟ್.

"ಮಸಿ ತುಂಬಿದ್ರೆ ಸಂದು ಸಣ್ಣದಾಗ್ಬೇಕು. ದೊಡ್ಡದಾಗತ್ತಾ?"

"ಹಿತ್ತಾಳೆ ವಿಷಯ ನಿಮಗೆ ಗೊತ್ತಾಗಲ್ಲ, ಬಿಡಿ."

ಅವನು ಮದ್ದು ಹಾಕಿದ, ಕ್ಲೋವಿಸ್‌ನನ್ನು ಹಾಕಿದ, ಗುಂಡು ಕೂರಿಸಿದ. ಎಂದಿನ ಹಾಗೆ ತಟ್ಟೆಯ ನಡುವಿಗೆ ಗುರಿಯಿಟ್ಟ. ಆರು ಸಲ ಹಾರಿಸಿದ. ಆರು ಸಲವೂ ತಟ್ಟೆ ಮಾತಾಡಲಿಲ್ಲ. ಗುಂಡುಗಳೆಲ್ಲ ಅದರ ತಲೆಯ ಮೇಲೆ ಹೋಗಿ ಗಣಿಯ ಮಣ್ಣಿನ ಗೋಡೆಯ ನೆತ್ತಿಯನ್ನು ಕೆದರಿದವು. ಇಟಲಿಯಿಂದ ಬಂದ ಗಿಡ್ಡ ಮೊಳೆಯನ್ನು ಕಿತ್ತು ಉದ್ದದ್ದು ಹಾಕುವ ಚಳಿಗಾಲದ ಕೆಲಸಕ್ಕೆ ಅವನಿಗೆ ಸಮಯ ಸಿಕ್ಕಿರಲಿಲ್ಲ. ಮೊಳೆ ಗಿಡ್ಡವಾದರೆ ಈ ಮಾದರಿ ಆಕಾಶಕ್ಕೆ ಹೊಡೆಯುತ್ತದೆ, ಇದು ನಮ್ಮಲ್ಲಿ ಕಲಿಯಲು ಬಂದವರಿಗೂ ಗೊತ್ತು.

ಹೊಗೆ ತಿಳಿಯಾದ ಮೇಲೆ ಅರ್ಲೀನ್ ಹೆಣಿಗೆ ಕೆಳಗಿಟ್ಟಳು.

"ಹೋಯ್ಟ್, ನನ್ನ ಗಂಡನ್ನ ಎಲ್ಲಿಗೆ ಕಳಿಸ್ತಾ ಇದೀಯ?"

"ಗಾಳಿ."

"ಒಂದೆಲೆ ಅಲ್ಲಾಡ್ತಿಲ್ಲ."

"ಬಿಸಿಲು ಕಣ್ಣಿಗೆ ಹೊಡೀತಿದೆ."

"ಮೋಡ ಇದೆ."

"ಕ್ಲೋವಿಸ್ ಯಾವಾಗಲೂ ಅಡ್ಡ ಎಳೆಯೋನೇ ಅಲ್ವಾ" ಎಂದ ಹೋಯ್ಟ್. ಈ ಮಾತಿಗೆ ಯಾರಾದರೂ ನಗುತ್ತಾರೆಂದು ಸುತ್ತ ನೋಡಿದ. ಯಾರೂ ನಗಲಿಲ್ಲ. ನಾವು ನೋಡುತ್ತಿದ್ದದ್ದು ವೈನೆಲ್‌ಳನ್ನು. ಅವಳು ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

"ಅರ್ಲೀನ್, ನಮ್ಮನೆಗೆ ಹೋಗೋಣ ನಡಿ. ಹಾಳೆ ತಗೋ. ಗೋಡೆ ಮೇಲಿರೋದು ತೋರಿಸ್ತೀನಿ."

"ವೈನೆಲ್!" ಎಂದ ಹೋಯ್ಟ್.

"ಎರಡು ಡಜನ್, ಹೋಯ್ಟ್. ನನ್ನ ಕೈಯಲ್ಲಿ ಅಂಗಡಿ ಸಾಲಡ್ ಹಿಡಿಸಿದೆ ನೀನು."

ನಮ್ಮ ಪಿಕಪ್ ಗಾಡಿಗಳು ಸಾಲಾಗಿ ಹೋಯ್ಟನ ಮನೆಗೆ ಹೊರಟವು. ಹಿಂದೆ ಅವನದೂ ಬಂತು, ಬರದೆ ಬೇರೆ ದಾರಿಯಿರಲಿಲ್ಲ. ಮದ್ದಿನ ಮಸಿ ಮೆತ್ತಿದ ಬೂಟು ಹಾಕಿಕೊಂಡೇ ಇಡೀ ಗುಂಪು ವೈನೆಲ್‌ಳ ನಡುಮನೆಯಲ್ಲಿ ನಿಂತಿತು. ಅವಳೇ ಒಂದು ಸ್ಟೂಲು ತಂದು ಕೊಟ್ಟಳು. ಅರ್ಲೀನ್ ಅದರ ಮೇಲೆ ಹತ್ತಿ, ಗೋಡೆಯ ಮೊದಲ ರಿವಾಲ್ವರಿನ ಸಂದಿಗೆ ಮಡಚಿದ ಹಾಳೆ ಹಿಡಿದಳು. ಹಾಳೆ ಬೆಣ್ಣೆಗೆ ಚಾಕು ಹೋದಂತೆ ಹೋಯಿತು.

"ಒಂದು ಸಲಾನೂ ಹಾರಿಸದ್ದು?" ಎಂದಳು.

"ಗೋಡೆಯ ತೇವ" ಎಂದ ಹೋಯ್ಟ್.

ಎರಡನೆಯದಕ್ಕೂ ಹೋಯಿತು. ಮೂರನೆಯದಕ್ಕೆ ಅವಳು ಹಾಳೆಯನ್ನು ಇನ್ನೊಮ್ಮೆ ಮಡಚಿದಳು, ಅದೂ ಹೋಯಿತು. ಅದರಾಚೆಯವುಗಳಲ್ಲಿ ಹೋಯ್ಟ್ ಎಳೆಯ ಪ್ರಾಯದಲ್ಲಿ ತುಂಬಿದ ಮದ್ದಿನ ಪ್ರತಾಪ ಕಾಣುತ್ತಿತ್ತು. ಕೊನೆಯದನ್ನು ಅರ್ಲೀನ್ ಕೆಳಗಿಳಿಸಿ ಅಲ್ಲಾಡಿಸಿದಳು. ಹಳೇ ಗೇಟಿನ ಹಾಗೆ ಲಟಲಟ ಎಂದಿತು.

"ಇದರೊಳಗೆ ಪ್ರಾರ್ಥನೆ ಪುಸ್ತಕಾನೇ ಇಡಬಹುದಲ್ಲೋ" ಎಂದರು ಗುಂಪಿನಲ್ಲಿ ಯಾರೋ.

ಹೋಯ್ಟನ ಕಣ್ಣು ಒಬ್ಬೊಬ್ಬರ ಮುಖಕ್ಕೂ ಹೋಗಿ ಬಂತು. ಎಲ್ಲರೂ ಅವನ ಕೈಕೆಳಗೆ ಕಲಿತವರು, "ಹಿತ್ತಾಳೆನೇ ತಗೊಳ್ಳಿ" ಎಂಬ ಅವನ ಮಾತು ಕೇಳಿ ಕೊಂಡವರು. ನನ್ನದೂ ಹಿತ್ತಾಳೆಯದೇ, ಅದೂ ಲಟಲಟ ಎನ್ನುತ್ತದೆ. ಅದು ನನ್ನ ಕೈಯ ದೋಷವೆಂದು ನಾನು ತಿಳಿದಿದ್ದೆ.

ಅರ್ಲೀನ್ ಕೈಚೀಲದಿಂದ ಡಬ್ಬಿ ತೆಗೆದು ಟೀವಿಯ ಮುಂದಿನ ಮೇಜಿನ ಮೇಲಿಟ್ಟಳು. "ಹೇಳು."

ಹೋಯ್ಟ್ ಗಂಟಲು ಸರಿಮಾಡಿಕೊಂಡ. "ನೋಡಿ, ಕೆಲವು ಸಂದರ್ಭದಲ್ಲಿ, ಅಂದ್ರೆ ಇಟಲಿಯೋರು ಎರಕ ಸರಿಯಾಗಿ ಹೊಯ್ಯದೇ ಇದ್ದಾಗ, ಆಗಿನ ಕಾಲದ ಹಿತ್ತಾಳೆಗೂ ಈಗಿಂದಕ್ಕೂ..."

"ಎರಡು ಪದ, ಹೋಯ್ಟ್."

ಅವನು ಬೂಟು ನೋಡುತ್ತ ಏನೋ ಅಂದ.

"ಕೇಳಿಸಲಿಲ್ಲ. ಕ್ಲೋವಿಸ್‌ಗೆ ಕಿವಿ ಮಂದ, ನಿನಗೆ ಗೊತ್ತಲ್ಲ. ಮಿಲ್ಲಿನ ಸದ್ದು."

"ಹಿತ್ತಾಳೆ ಹಿಗ್ಗತ್ತೆ!" ಎಂದು ಹೋಯ್ಟ್ ಕಿರುಚಿದ. ಯೇಸುವಿನ ಪಟದ ಗಾಜು ಝಣ್ ಎಂದಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಹೋಯ್ಟನೂ ಹಾಗೇ ಎಂದುಕೊಂಡು ಟೋಪಿ ಎತ್ತಿಕೊಂಡ. ಅರ್ಲೀನ್ ಮುಗಿಸಿರಲಿಲ್ಲ.

"ಕೂತ್ಕೋ. ಅವನು ಇನ್ನೂ ಅರ್ಧ ಡಬ್ಬಿ ಇದಾನೆ, ನೀನು ಮಾತು ಕೊಟ್ಟಿದೀಯ, ಮುಗಿಸ್ಬೇಕು. ಕ್ಲೋವಿಸ್‌ನ ಉಕ್ಕಿಂದು ಕೊಡ್ತೀನಿ, ಅದರಲ್ಲೇ ಹಾರಿಸು. ನನ್ನ ಕಲ್ಲಿಗೆ ಕಣ್ಣು ಹಾಕಿದ್ದಕ್ಕೆ ಇನ್ನೊಂದು ಷರತ್ತು ಸೇರಿಸ್ತೀನಿ. ಅವನನ್ನ ಒಂದೊಂದು ಚಿಟಿಕೆ ಹಾಕಿದಾಗಲೂ, ಗುಂಡು ಕೂರಿಸೋ ಮೊದಲು, ಆ ಎರಡು ಪದ ಅವನಿಗೆ ಹೇಳ್ಬೇಕು. ಗಟ್ಟಿಯಾಗಿ. ಡಬ್ಬಿ ಖಾಲಿ ಆಗೋವರೆಗೂ."

"ಪ್ರತಿ ಚಿಟಿಕೆಗೂನಾ?" ಎಂದ ಹೋಯ್ಟ್, ಡಬ್ಬಿಯನ್ನು ನೋಡುತ್ತ.

"ಬಿಸ್ಕಿಟ್ಟು, ಗ್ರೇವಿ" ಎಂದಳು ಅರ್ಲೀನ್.

ಜುಲೈ, ಆಗಸ್ಟ್, ಸೆಪ್ಟೆಂಬರ್. ಪ್ರತಿ ಶನಿವಾರ ಹೋಯ್ಟ್ ಕ್ಲೋವಿಸ್‌ನ ಉಕ್ಕಿನ ರಿವಾಲ್ವರ್ ಹಿಡಿದು ಮೇಜಿನ ಮುಂದೆ ನಿಂತ. ಮದ್ದು, ಒಂದು ಚಿಟಿಕೆ ಕ್ಲೋವಿಸ್, "ಹಿತ್ತಾಳೆ ಹಿಗ್ಗತ್ತೆ", ಗುಂಡು, ಕೊಬ್ಬು. ಮತ್ತೆ ಮದ್ದು. ಮೊದಮೊದಲು ನಾವು ಅದನ್ನು ಕೇಳುವುದಕ್ಕೆಂದೇ ಬೇಗ ಬರುತ್ತಿದ್ದೆವು, ಕೆಂಪು ಮೆಣಸಿನಕಾಯಿ ಕಲಸಿದ ಪಿಮೆಂಟೊ ಚೀಸಿನ ಸ್ಯಾಂಡ್‌ವಿಚ್ ತಿನ್ನುತ್ತ ಅವನ ಜೊತೆಗೆ ರಾಗವಾಗಿ ಹೇಳುತ್ತಿದ್ದೆವು. ಬರಬರುತ್ತ ರುಚಿ ಕಳೆದುಹೋಯಿತು, ಕೇಳಿಸುವುದೂ ನಿಂತಿತು. ಅವನ ದನಿಯಲ್ಲಿದ್ದ ಅವಮಾನವೂ ಸವೆದು, ಪಾದ್ರಿ ಆಮೆನ್ ಹೇಳುವಷ್ಟು ಸಲೀಸಾಯಿತು. ಡಬ್ಬಿಯ ತಳ ಕಂಡ ದಿನ ಅರ್ಲೀನ್ ಅದನ್ನು ಮೇಜಿನ ಅಂಚಿಗೆ ಕುಟ್ಟಿ ಕೊನೆಯ ಧೂಳನ್ನೂ ಸುರಿಸಿದಳು. ಹೋಯ್ಟ್ ಹಾರಿಸಿದ, ತಟ್ಟೆ ಗಂಟೆಯ ಹಾಗೆ ಮೊಳಗಿತು. ಕಲ್ಲಿನ ಮೇಲೆ ಇಬ್ಬರ ಹೆಸರು ಬಿಟ್ಟು ಬೇರೇನೂ ಇಲ್ಲ.

ಆದರೆ ಹೋಯ್ಟನ ಬಾಯಿಗೆ ಡಬ್ಬಿ ಖಾಲಿಯಾದದ್ದು ತಿಳಿಯಲಿಲ್ಲ. ಮರುವಾರ ಅವನು ಜೋಳದ ರವೆ ಹಾಕಿ, ತನಗೆ ಗೊತ್ತಿಲ್ಲದೆಯೇ "ಹಿತ್ತಾಳೆ ಹಿಗ್ಗತ್ತೆ" ಎಂದ. ಅದರ ಮರುವಾರವೂ ಅಂದ. ಹೊಸಬರಿಗೆ ತುಂಬುವುದನ್ನು ಕಲಿಸುವವನು ಈಗಲೂ ಅವನೇ, ಬೇರೆ ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಅವರು ಕಂಡದ್ದನ್ನು ಕಲಿತರು. ಹೋದ ತಿಂಗಳು ಅಟ್ಲಾಂಟಾದಿಂದ ಒಬ್ಬ ದಂತವೈದ್ಯ ಬಂದ. ಮೇಜಿನ ಮೇಲೆ ಹೊಚ್ಚಹೊಸ ಹಿತ್ತಾಳೆಯ ರಿವಾಲ್ವರ್ ಇಟ್ಟು, ನಾಲಿಗೆ ಕಚ್ಚಿಕೊಂಡು ಮದ್ದು ಅಳೆದ. ರವೆ ಹಾಕಿದ. "ಹಿತ್ತಾಳೆ ಹಿಗ್ಗತ್ತೆ" ಎಂದು ಭಕ್ತಿಯಿಂದ ಹೇಳಿ ಗುಂಡು ಕೂರಿಸಿದ. ಆಮೇಲೆ ತಲೆಯೆತ್ತಿ ಕೇಳಿದ:

"ಮಿಸ್ಟರ್ ಹೋಯ್ಟ್, ಇದನ್ನ ಯಾಕೆ ಹೇಳೋದು?"

ಅರ್ಲೀನ್‌ಳ ಹೆಣಿಗೆ ಕಡ್ಡಿಗಳು ನಿಂತವು. ಹೋಯ್ಟ್ ಹೆಬ್ಬೆರಳುಗಳನ್ನು ಬೆಲ್ಟಿಗೆ ಸಿಕ್ಕಿಸಿ, ಗುಡ್ಡದ ಕಡೆ ನೋಡಿ, ನಿಧಾನವಾಗಿ ಬಾಯಿಬಿಟ್ಟ.

"ಇದು ಬಹಳ ಹಳೇ ಪದ್ಧತಿ, ಡಾಕ್ಟ್ರೇ. ಅಪ್ಪಂದಿರಿಂದ ಮಕ್ಕಳಿಗೆ ಬಂದದ್ದು. ಇದನ್ನ ಹೇಳದೆ ಗುಂಡು ತುಂಬಿದ್ರೆ ಮಾತ್ರ ಹಿತ್ತಾಳೆ ಹಿಗ್ಗತ್ತೆ. ಹೇಳಿ ತುಂಬಿದ್ರೆ ಕೂದಲೆಳೆಯಷ್ಟೂ ಅಲ್ಲಾಡಲ್ಲ."

ದಂತವೈದ್ಯ ಗಂಭೀರವಾಗಿ ತಲೆಯಾಡಿಸಿ, ಎರಡನೆಯ ಗುಂಡಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಿದ.